ಆಯಿ ಎಂದ ಕೂಸು

ಬಸ್ಸು ಖಾಲಿಯಾಗಿತ್ತು. ಹಿಂದಿನ ಸೀಟಿನ ಮೇಲೆ ಒಂದು ಜೊತೆ ಸಣ್ಣ ಕೆಂಪು ಬೂಟು ಮಾತ್ರ ಕಾಣುತ್ತಿತ್ತು.

ಯಾರೋ ಮರೆತು ಹೋಗಿದ್ದಾರೆ ಅಂದುಕೊಂಡು ಹತ್ತಿರ ಹೋದೆ. ಬೂಟಿನೊಳಗೆ ಕಾಲುಗಳಿದ್ದವು.

ಎರಡೂವರೆ, ಹೆಚ್ಚೆಂದರೆ ಮೂರು ವರ್ಷದ ಹುಡುಗಿ. ಮೈಮೇಲೆ ಹೊಸ ಹಳದಿ ಫ್ರಾಕು. ಬಾಯಿ ತುಸು ತೆರೆದು ಮಲಗಿತ್ತು. ಅಲುಗಾಡಿಸಿದೆ, ಏಳಲಿಲ್ಲ. ಕೆನ್ನೆ ತಟ್ಟಿದೆ, ಏಳಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದೆ — ಉಸಿರಿತ್ತು.

ಎರಡು ಸಾವಿರದ ಒಂದನೇ ಇಸವಿ, ಮಾರ್ಚ್ ತಿಂಗಳು. ಖಾನಾಪುರ–ಬೆಳಗಾವಿ ಗಾಡಿಗೆ ನಾನೇ ಕಂಡಕ್ಟರ್, ಹೆಸರು ಕಲ್ಮೇಶ. ಎಂಟೂವರೆಗೆ ಖಾನಾಪುರ ಬಿಟ್ಟ ಗಾಡಿ ಒಂಬತ್ತೂವರೆಗೆ ಬೆಳಗಾವಿ ಸ್ಟ್ಯಾಂಡ್ ಮುಟ್ಟಿತ್ತು. ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಈ ಕೂಸನ್ನು ಎತ್ತಿಕೊಂಡು ಹತ್ತಿದವರು ಯಾರು? ಎಷ್ಟು ತಲೆ ಕೆರೆದರೂ ನೆನಪಾಗಲಿಲ್ಲ. ಸಣ್ಣ ಕೂಸಿಗೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದ್ದು ಕಂಡಕ್ಟರನ ಕಣ್ಣಿಗೆ ಬೀಳುವುದೂ ಇಲ್ಲ.

ಕೂಸನ್ನು ಹೆಗಲಿಗೆ ಹಾಕಿಕೊಂಡು ನೇರ ಸತ್ಯವ್ವನ ಹತ್ತಿರ ಓಡಿದೆ.

ಖಾನಾಪುರ ಗಾಡಿ ನಿಲ್ಲುವ ಕಡೆ, ದಪ್ಪ ಕಂಬದ ಬುಡಕ್ಕೆ ಸತ್ಯವ್ವ ಶೇಂಗಾ ಬುಟ್ಟಿ ಇಟ್ಟುಕೊಂಡು ಕೂತು ಇಪ್ಪತ್ತೆಂಟು ವರ್ಷ. ಪಾರಿಶ್ವಾಡದ ಆಡು ಕಾಯುವ ಮನೆತನದವಳು. ಅಕ್ಷರ ಬಾರದು. ಆದರೆ ಕಳೆದುಹೋದ ಗಂಟು, ಜೇಬುಗಳ್ಳ, ಮನೆ ಬಿಟ್ಟು ಬಂದ ಮಂದಿ — ಏನಿದ್ದರೂ ಸ್ಟ್ಯಾಂಡಿನ ಪೊಲೀಸ್ ಚೌಕಿಯ ಹವಾಲ್ದಾರ ಶಶಿಧರ ಮೊದಲು ಕೇಳುತ್ತಿದ್ದದ್ದು ಅವಳನ್ನೇ.

ಅವಳು ಕೂಸಿನ ಬಾಯಿ ಮೂಸಿ ನೋಡಿದಳು.

“ಕೆಮ್ಮಿನ ಔಷಧ ವಾಸನಿ ಬರ್ತೈತಿ. ನಿದ್ದಿ ಬರೂವಂಗ ಕುಡಿಸ್ಯಾರ. ಕಲ್ಮೇಶಾ, ಇದನ್ನ ಯಾರೋ ಕದ್ದಾರ.”

ನಾನೂ ಕೂಸಿನ ಬಾಯಿ ಮೂಸಿ ನೋಡಿದೆ. “ಖರೇನ?”

“ಹಡದವರು ಬೆಳಿಗ್ಗಿ ಒಂಬತ್ತಕ್ಕ ಮಲಗಾಕ ಔಷಧ ಕುಡಸ್ತಾರೇನೊ? ನೀರು ತಾ.”

ನೀರು ಚಿಮುಕಿಸಿದ ಮೇಲೆ ಕೂಸು ಕಣ್ಣು ಬಿಟ್ಟಿತು. ನನ್ನ ಖಾಕಿ ನೋಡಿತು, ಸತ್ಯವ್ವನ ಹಣೆಯ ಕುಂಕುಮ ನೋಡಿತು. ಗಲ್ಲ ನಡುಗಿತು. ಅತ್ತರೆ ಯಾರಾದರೂ ಹೊಡೆದಾರು ಅನ್ನುವ ಹಾಗೆ, ಬಹಳ ಸಣ್ಣ ದನಿಯಲ್ಲಿ ಅಂದಿತು:

“ಆಯಿ.”

ನಿನ್ನ ಹೆಸರೇನು? “ಆಯಿ.” ಯಾವ ಊರು? “ಆಯಿ.” ಬೇರೆ ಮಾತೇ ಇಲ್ಲ.

*

ಮೈಕಿನಲ್ಲಿ ಕೂಗಿಸಿದ ಮೇಲೆ ಕಂಬದ ಸುತ್ತ ಮಂದಿ ಸೇರಿದರು. ಹವಾಲ್ದಾರ ಶಶಿಧರ ಪುಸ್ತಕ ತೆಗೆದ.

“ಅಜ್ಜಿನ್ನ ಕರಿಯಾಕ ಹತ್ತೈತಿ,” ಅಂದ. “ನಮ್ಮ ಮನ್ಯಾಗ ಆಯಿ ಅಂದ್ರ ಅವ್ವನ ಅವ್ವ. ಬರಕೊಳ್ತೀನಿ: ಕನ್ನಡ ಮಾತಾಡೂ ಮನಿ ಕೂಸು.”

“ಅಸ್ಸ ಕಸ್ಸ ಸಾಹೇಬ, ಅದ್ಹೆಂಗ?” ಅಂತ ಹಿಂದಿನಿಂದ ಒಬ್ಬ ಹಾಲಿನವ ನುಗ್ಗಿ ಬಂದ. “ಆಯಿ ಅಂದ್ರ ಹಡದಾಕಿ. ಮರಾಠಿ ಕೂಸು ಇದು. ಖಾನಾಪುರ ಗಾಡ್ಯಾಗ ಬಂದೈತಿ, ಮತ್ತೇನು ಬೇಕು?”

“ಖಾನಾಪುರದಾಗ ಕನ್ನಡದವರಿಲ್ಲೇನು?”

“ಇದ್ದಾರ, ಇದ್ದಾರ! ಆದ್ರ ಕೂಸು ನಮ್ದು!”

ಅಷ್ಟು ಸಾಕಾಯಿತು. ಎರಡು ಕಡೆ ಎರಡು ಗುಂಪಾಯಿತು. ರಜೆಯ ಮೇಲೆ ಹೊರಟಿದ್ದ ಹಿಂದಿ ಸೀಮೆಯ ಒಬ್ಬ ಮಿಲಿಟರಿ ಜವಾನ ಟ್ರಂಕಿನ ಮೇಲೆ ಕೂತಿದ್ದವನು ಎದ್ದು ಬಂದು, ಹಿಂದಿಯೊಳಗೆ ಬೇರೆಯೇ ಹೇಳಿದ: ನಮ್ಮ ಕಡೆ ಆಯೀ ಅಂದರೆ ‘ಬಂದಳು’. ಕೂಸು ಯಾರನ್ನೂ ಕರೆಯುತ್ತಿಲ್ಲ. ಯಾರೋ ಹೆಂಗಸು ಬಂದಳು, ಬಂದಳು ಅಂತ ಅಂಜಿ ಹೇಳುತ್ತಿದೆ.

ಎಲ್ಲರೂ ಒಮ್ಮೆಲೇ ಹಿಂದೆ ತಿರುಗಿ ನೋಡಿದರು. ನಾನೂ ನೋಡಿದೆ. ಯಾರೂ ಇರಲಿಲ್ಲ.

ಪಾರಿಶ್ವಾಡದ ಗಾಡಿಗೆ ಕಾಯುತ್ತಿದ್ದ ಗುರುಪುತ್ರಪ್ಪ ಮಾಸ್ತರರು ಕನ್ನಡಕ ಒರೆಸುತ್ತ ನಡುವೆ ಬಂದರು.

“ಜಗಳ ಯಾಕ ಮಾಡ್ತೀರಿ? ಇದು ಯಾರ ಒಬ್ಬರ ಶಬ್ದನೂ ಅಲ್ಲ. ಹಳೇ ತಮಿಳಿನಾಗ ಆಯ್ ಅಂದ್ರ ತಾಯಿ. ನಮ್ಮ ‘ತಾಯಿ’ ಒಳಗೂ ಅದ ಕುಂತೈತಿ ಅಂತಾರ ಕೆಲವರು. ಮರಾಠಿಗೆ ಅಲ್ಲಿಂದ ಹೋತು ಅಂತ ಒಬ್ರು, ಮರಾಠಿಯಿಂದ ನಮಗ ಬಂತು ಅಂತ ಒಬ್ರು. ಗೋವಾದಾಗ ಪೋರ್ತುಗೀಜರು ಕೂಸು ನೋಡಕೊಳ್ಳೋ ಹೆಣ್ಣಾಳಿಗೆ ಆಯಾ ಅಂದ್ರು. ಹಿಂದ್ಯಾಗಿನ ‘ಬಂದಳು’ಗೂ ಇದಕ್ಕೂ ಸಂಬಂಧನ ಇಲ್ಲ, ದನಿ ಒಂದ ಅಷ್ಟ.”

“ಮಾಸ್ತರ, ಹಂಗಾರ ಇದರ ಅವ್ವ ಯಾರಂತ ಹೇಳ್ರಿ,” ಅಂದಳು ಸತ್ಯವ್ವ.

ಮಾಸ್ತರರು ಕನ್ನಡಕ ಮತ್ತೆ ಹಾಕಿಕೊಂಡು ಹಿಂದೆ ಸರಿದರು.

“ಆ ಅಂತ ಬಾಯಿ ತಗಿ, ಯಿ ಅಂತ ಮುಚ್ಚು. ಹಲ್ಲು ಬರದ ಬಾಯಾಗೂ ಬರೂ ಮಾತದು. ಎಲ್ಲಾ ದೇಶದ ಕೂಸುಗೋಳೂ ಅಂತಾವ. ದೊಡ್ಡವರು ತಮಗ ಬೇಕಾದಂಗ ತಿಳಕೊಂಡಾರ.” ಸತ್ಯವ್ವ ಶೇಂಗಾ ಸುಲಿದು ಸಿಪ್ಪೆಯನ್ನು ಮಡಿಲಿಗೆ ಹಾಕಿಕೊಂಡಳು. “ಬಾಯಿ ಬ್ಯಾಡ ಬಿಡ್ರಿ. ಕಾಲು ನೋಡ್ರಿ.”

ಹೊಸ ಬೂಟು ಕಚ್ಚಿ ಕೂಸಿನ ಹಿಮ್ಮಡಿ ಕೆಂಪಾಗಿತ್ತು. ಅವಳು ಬೂಟು, ಕಾಲುಚೀಲ ಕಳಚಿದಳು. ಎಡಗಾಲ ಪಾದದ ಮೇಲುಗಡೆ, ಸುತ್ತಲೂ ಬೆರಳಗಲದ ಕಪ್ಪು ಗುರುತು. ಹಗ್ಗದ ಗುರುತು.

ಗುಂಪಿನಲ್ಲಿ ಒಬ್ಬಳು ಬಾಯಿಗೆ ಸೆರಗು ಹಿಡಿದಳು. “ಅಯ್ಯ ಶಿವನ! ಕಟ್ಟಿ ಹಾಕ್ಯಾರ ಕೂಸಿನ್ನ!” ಮಕ್ಕಳನ್ನು ಹಿಡಿಯುವವರ ಟೋಳಿ ಬಂದಿದೆ ಅಂತ ಮಾತು ಸ್ಟ್ಯಾಂಡ್ ತುಂಬ ಹರಿಯಿತು. ತಾಯಂದಿರು ತಮ್ಮ ಮಕ್ಕಳ ರಟ್ಟೆ ಹಿಡಿದುಕೊಂಡರು. ನನಗೂ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಳು. ಅವಳು ಈಗ ಎಲ್ಲಿ ಆಡುತ್ತಿರಬಹುದು ಅನ್ನಿಸಿತು.

ಕೂಸು ಸತ್ಯವ್ವನ ತೊಡೆಯಿಂದ ಇಳಿದು ನಡೆಯಿತು. ನಾಲ್ಕು ಹೆಜ್ಜೆ, ಐದು, ಆರು. ನಿಂತಿತು. ಹೊರಳಿ ಬಂದು ಕಂಬ ಮುಟ್ಟಿತು. “ಆಯಿ,” ಅಂತ ಕಂಬಕ್ಕೇ ಹೇಳಿತು. ಮತ್ತೆ ಬೇರೆ ದಿಕ್ಕಿಗೆ, ತೂಕದ ಮಷಿನ್ನಿನ ಕಡೆ ಹೊರಟಿತು, ಮತ್ತೆ ನಿಂತು ಅದಕ್ಕೂ ಆಯಿ ಅಂದಿತು.

ಸತ್ಯವ್ವ ಕೂಸಿನ ಹಿಂದೆಯೇ ಓಡಾಡುತ್ತ ಅಲ್ಲಲ್ಲಿ ಶೇಂಗಾ ಸಿಪ್ಪೆ ಬೀಳಿಸಿದಳು. ಕಸ ಮಾಡುತ್ತಿದ್ದಾಳೆ ಅಂತ ನಾನು ಅಂದುಕೊಂಡೆ.

*

ಹತ್ತೂವರೆಗೆ ಹೆಂಗಸೊಬ್ಬರು ಬಂದರು. ಐವತ್ತರ ಆಚೀಚೆ ವಯಸ್ಸು, ಇಳಕಲ್ ಸೀರೆ, ಕೈಯಲ್ಲಿ ದೊಡ್ಡ ಕರಿ ಪರ್ಸು. ಗುಂಪು ತಾನಾಗಿ ದಾರಿ ಬಿಟ್ಟಿತು. ಕೂಸು ಅವರನ್ನು ನೋಡಿತು. “ಆಯಿ,” ಅಂದಿತು.

“ಹೌದು ನನ್ನ ಬಂಗಾರ, ನಾನ ನಿಮ್ಮಾಯಿ!” ಅಂತ ಅವರು ಕಣ್ಣೀರು ಹಾಕಿದರು. “ನನ್ನ ಹೆಸರು ಪದ್ಮಶ್ರೀ ಅಂತ್ರಿ. ಟಿಳಕವಾಡಿಯೊಳಗ ಇರ್ತೀನಿ. ಮಗಳ ಮಗಳಿದು, ಸ್ನೇಹಾ. ಮುಂಜಾನಿ ಅಂಗಳದಾಗ ಆಡಾಕ ಹತ್ತಿದ್ಲು. ಕೆಲಸದಾಕಿ ಎತ್ತಿಕೊಂಡು ಓಡಿ ಹೋಗ್ಯಾಳ. ಆಟೋ ಮಾಡಕೊಂಡು ಊರೆಲ್ಲಾ ತಿರುಗೀನ್ರಿ. ಇಲ್ಲಿ ಮೈಕಿನಾಗ ಕೇಳಿ ಜೀವ ಬಂತು.”

“ಟಿಳಕವಾಡ್ಯಾಗ ಕಳುವಾದ ಕೂಸು ಖಾನಾಪುರ ಗಾಡ್ಯಾಗ ಹೆಂಗ ಬಂತ್ರಿ?” ಶಶಿಧರ ಕೇಳಿದ.

“ಅದನ್ನ ನೀವು ಆ ಕಳ್ಳಿಗೆ ಕೇಳಬೇಕು. ದಾರ್ಯಾಗ ಹತ್ತಿರಬೇಕು. ನೋಡ್ರಿ, ಕಾಲಿಗೆ ಹೆಂಗ ಹಗ್ಗ ಬಿಗದಾಳ! ನನ್ನ ಮಗಳು ನೋಡಿದ್ರ ಎದಿ ಒಡಕೊಳ್ತಾಳ. ಮಿರಜದಾಗ ಅದಾಳ್ರಿ, ಮಧ್ಯಾಹ್ನದ ರೈಲಿಗೆ ಕರಕೊಂಡು ಹೋಗಬೇಕು.”

ಕನ್ನಡ ಗುಂಪಿನವರು ಗೆದ್ದವರ ಹಾಗೆ ಹಾಲಿನವನ ಮುಖ ನೋಡಿದರು. ಶಶಿಧರ ಪುಸ್ತಕದಲ್ಲಿ ಬರೆಯತೊಡಗಿದ.

“ಆಯಿ ಅಂದದ್ದಕ್ಕ ಕೊಡ್ತೀರೇನ್ ಸಾಹೇಬ್ರ?” ಸತ್ಯವ್ವ ಅಂದಳು. “ನಿಮಗೂ ಅಂದೈತಿ, ಕಂಬಕ್ಕೂ ಅಂದೈತಿ. ತೂಕದ ಮಷಿನ್ನಿಗೂ ಅಂದೈತಿ. ಹಂಗಾರ ಮಷಿನ್ನಿಗೂ ಒಂದು ರಸೀದಿ ಬರೀರಿ.”

ಮಂದಿ ನಕ್ಕರು. ಪದ್ಮಶ್ರೀ ನಗಲಿಲ್ಲ.

“ಶೇಂಗಾ ಮಾರೂ ಮುದುಕಿ ಮಾತಿಗೆ ನನ್ನ ಕೂಸಿನ್ನ ಇಟಗೋತೀರೇನು?”

“ಒಂದು ತಾಸು ತಡೀರಿ ಅಕ್ಕಾರ. ಖಾನಾಪುರದ ಮುಂದಿನ ಗಾಡಿ ಬರಲಿ. ಹುಡುಕಾಕ ಯಾರರ ಬಂದ್ರ ಅದರಾಗ ಬರ್ತಾರ.”

ಶಶಿಧರ ತಲೆಯಾಡಿಸಿದ. ಕೂಸಿಗೆ ಮತ್ತೆ ಜೊಂಪು ಹತ್ತಿತ್ತು; ಚೌಕಿಯ ಒಳಗೆ ಬೆಂಚಿನ ಮೇಲೆ ಮಲಗಿಸಿದೆವು. ಪದ್ಮಶ್ರೀ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅವರ ಪಾದ ನೆಲವನ್ನು ಒಂದೇ ಸಮನೆ ತಟ್ಟುತ್ತಿತ್ತು. ಅಂಜಿಕೆ ಅಂತ ತಿಳಿದೆ. ಯಾವ ಅಜ್ಜಿಗೆ ಇರುವುದಿಲ್ಲ?

ಸತ್ಯವ್ವ ನನ್ನನ್ನು ಕಂಬದ ಹತ್ತಿರ ಕರೆದಳು. “ದಾರ್ಯಾಗ ಏನರ ಬ್ಯಾರೆ ಆತೇನು? ಯಾರರ ಗಡಿಬಿಡಿಲೆ ಇಳಿದ್ರೇನು?”

ಯೋಚಿಸಿದೆ. “ಉದ್ಯಮಬಾಗದಾಗ ಫೌಂಡ್ರಿ ಮಂದಿ ಇಳಿದ್ರು, ದಿನಾ ಇಳಿತಾರ. ಇಬ್ಬರು ಪೊಲೀಸರು ಹತ್ತಿದ್ರು. ಅಷ್ಟರಾಗ ಹಿಂದಿನ ಬಾಗಿಲಿನಿಂದ ಒಬ್ಬ ಹೆಣ್ಣಮಗಳು ಜಿಗಿದ್ಲು. ಸ್ಟ್ಯಾಂಡಿನ ತನಕ ಟಿಕೆಟ್ ತಗದಿದ್ಲಲ್ಲಾ, ಇಲ್ಯಾಕ ಇಳಿದ್ಲು ಅನ್ನಿಸ್ತು.”

“ಮುಖ?”

“ಕಾಣಲಿಲ್ಲವ್ವಾ. ತಲಿ ಮ್ಯಾಲೆ ಶಾಲು ಹೊಚ್ಚಿದ್ಲು. ಟಿಕೆಟ್ ರೊಕ್ಕ ಮಂದಿ ಕೈಯಿಂದ ಕೈಗೆ ದಾಟಿ ಬಂತು.”

“ಪೊಲೀಸರನ್ನ ನೋಡಿ ಇಳದಾಕಿ,” ಅಂದಳು ಸತ್ಯವ್ವ. “ಕೂಸು ಬಿಟ್ಟು.”

*

ಮುಂದಿನ ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಬ್ಬಳು ಧುಮುಕಿದಳು. ಬರಿಗಾಲು, ಮೊಣಕೈವರೆಗೆ ಒಣಗಿದ ಕೆಂಪು ಕೆಸರು, ಬಿಚ್ಚಿದ ಕೂದಲು. ಕೈಯಲ್ಲಿ ಹಳೇ ಸೀರೆ ಹರಿದು ಹೊಸೆದ ಒಂದು ಹಗ್ಗ.

“ಮಾಝೀ ಪೋರ! ನನ್ನ ಹುಡಗೀನ್ನ ನೋಡಿರೇನ್ರಿ? ಇಷ್ಟ ಎತ್ತರ ಅದಾಳ, ಮಾಯಾ ಅಂತ!”

ಹೆಸರು ಪ್ರಮಿಳಾ. ಖಾನಾಪುರದ ಹೊರಗೆ ಇಟ್ಟಂಗಿ ಭಟ್ಟಿಯಲ್ಲಿ ಕೆಲಸ. ಅರ್ಧ ಮರಾಠಿ, ಅರ್ಧ ಕನ್ನಡ. ಗಂಡ ಭಟ್ಟಿಯ ಸುತ್ತಲ ಹೊಲಗಳಲ್ಲಿ ಹುಡುಕುತ್ತಿದ್ದ. ಯಾರೋ ಬಸ್ಸಿನ ಕಡೆ ಹೋದದ್ದನ್ನು ನೋಡಿದೆವು ಅಂದದ್ದಕ್ಕೆ ಇವಳು ಓಡಿ ಬಂದಿದ್ದಳು.

“ಏನು ಹಾಕಿದ್ದಿ ಕೂಸಿಗೆ?” ಶಶಿಧರ ಕೇಳಿದ.

“ಒಂದು ಹಳೇ ಝಬಲಾ.”

“ಬೂಟು?”

“ಬೂಟು ಎಲ್ಲಿಂದ ತರಲಿ ಸಾಹೇಬ?”

“ಕೈಯಾಗ ಅದೇನು ಹಗ್ಗ?”

ಅವಳು ಕೈ ನೋಡಿಕೊಂಡಳು. “ಇದರಲೇ ಕಟ್ಟಿದ್ದೆ ಆಕಿನ್ನ.”

ಮುಂದಿನದು ಚೌಕಿಯ ಬಾಗಿಲಲ್ಲೇ ಬಹಳ ಬೇಗ ಆಯಿತು. ‘ಕಟ್ಟಿದ್ದಳಂತೆ!’ ಅಂತ ಒಬ್ಬ ಕೂಗಿದ. ‘ಇವಳೇ ಕಳ್ಳಿ!’ ಅಂತ ಇನ್ನೊಬ್ಬ. ಪದ್ಮಶ್ರೀ ಕುರ್ಚಿಯಿಂದ ಎದ್ದು, “ಇದಕ್ಕ ನಾನು ಹೇಳಿದ್ದು!” ಅಂದರು. ಕನ್ನಡ ಗುಂಪು, ಮರಾಠಿ ಗುಂಪು ಈಗ ಒಂದೇ ಆಗಿದ್ದವು. ಹಾಲಿನವನೇ ಮೊದಲು ಅವಳ ಕೂದಲಿಗೆ ಕೈ ಹಾಕಿದ. ಚಪ್ಪಲಿಗಳು ಮೇಲೆದ್ದವು. ಸುಳ್ಳು ಹೇಳಬಾರದು — ನಾನೂ ಇವಳೇ ಕಳ್ಳಿ ಅಂದುಕೊಂಡಿದ್ದೆ.

ಸತ್ಯವ್ವ ಶೇಂಗಾ ಬುಟ್ಟಿಯನ್ನು ಎತ್ತಿ ತಂದು ಗುಂಪಿನ ನಡುವೆ ಒಗೆದಳು. ಹಿತ್ತಾಳೆ ಸೇರು ಫರಸಿಗೆ ಬಿದ್ದು ಝಣಝಣ ಅಂದಿತು. ಎಲ್ಲರೂ ಹೆದರಿ ನಿಂತರು.

“ಹೊಡೆಯೋದು ಆಮ್ಯಾಲೂ ಆಗತೈತಿ,” ಅಂದಳು. “ಹವಾಲ್ದಾರ್ರ, ಆ ಹಗ್ಗದ ತುದಿ ನೋಡ್ರಿ. ಬಿಚ್ಚಿದ್ದೋ, ಹರದದ್ದೋ?”

ಶಶಿಧರ ನೋಡಿದ. “ಕೊಯ್ದದ್ದು. ಬ್ಲೇಡಿನಿಂದ.”

“ತನ್ನ ಗಂಟು ತಾ ಕೊಯ್ತಾಳೇನು? ಯವ್ವಾ ಪ್ರಮಿಳಾ, ಯಾಕ ಕಟ್ಟತಿದ್ದಿ?”

ಪ್ರಮಿಳಾ ಬಿಕ್ಕುತ್ತಿದ್ದಳು. “ಕೆಸರಿನ ಕುಣಿ ಇರ್ತಾವ್ರಿ, ಆಳುದ್ದ. ಬಾಜೂಕ ಬೆಂಕಿ. ಹ್ವಾದ ವರ್ಷ ಒಂದು ಕೂಸು ಕುಣ್ಯಾಗ ಬಿತ್ತು. ಅವತ್ತಿನಿಂದ ನಾವೆಲ್ಲಾರೂ ಕಟ್ಟತೀವಿ. ನಾ ಕೆಸರು ಹೊತ್ತುಕೊಂಡು ಅತ್ತಾಗ ಹೋಗಿದ್ದೆ. ಬರೂದ್ರಾಗ ಬರೇ ಹಗ್ಗ. ಪೋಲಿಯೋ ಹನಿ ಹಾಕಾಕ ಒಬ್ಬಾಕಿ ಬಂದಿದ್ಲು ಅಂತ ಬಾಜೂದವರು ಅಂದ್ರು.”

“ಇಂಥಾ ಕಥಿ ಯಾರು ಬೇಕಾದ್ರೂ ಹೇಳ್ತಾರ,” ಅಂದರು ಪದ್ಮಶ್ರೀ.

“ಹೌದ್ರಿ ಅಕ್ಕಾರ, ಹೇಳ್ತಾರ. ಅದಕ್ಕ ಅಳತಿ ಮಾಡೂಣು.” ಸತ್ಯವ್ವ ನನ್ನ ಕಡೆ ತಿರುಗಿದಳು. “ಕಲ್ಮೇಶಾ, ಆ ಹಗ್ಗದ ಒಂದು ತುದಿ ಹವಾಲ್ದಾರ್ರು ಕಂಬಕ್ಕ ಹಿಡೀಲಿ. ಇನ್ನೊಂದು ತುದಿ ನೀ ಎಳಕೊಂಡು ಹೋಗು ಸಿಪ್ಪಿ ತನಕ.”

ಆಗ ನೋಡಿದೆ. ಕಂಬದ ಸುತ್ತ ಏಳೆಂಟು ಕಡೆ ಶೇಂಗಾ ಸಿಪ್ಪೆಗಳು. ಒಂದೂ ಅಡ್ಡಾದಿಡ್ಡಿ ಬಿದ್ದಿದ್ದಲ್ಲ. ಹಗ್ಗ ಹಿಡಿದು ಎಳೆದೆ. ಮೊದಲನೇ ಸಿಪ್ಪೆಯ ಹತ್ತಿರ ಅದು ಮುಗಿಯಿತು. ಎರಡನೆಯದರ ಕಡೆ ಸರಿದೆ. ಅಲ್ಲೂ ಮುಗಿಯಿತು. ಮೂರನೆಯದು, ನಾಲ್ಕನೆಯದು... ಎಲ್ಲೂ ಒಂದು ಗೇಣಿಗಿಂತ ಹೆಚ್ಚು ಫರಕಿಲ್ಲ.

“ಕೂಸು ಎಲ್ಲೆಲ್ಲಿ ಹೋಗಿ ಹೊಳ್ಳಿತೋ ಅಲ್ಲಲ್ಲಿ ಒಂದು ಸಿಪ್ಪಿ ಇಟ್ಟೀನಿ,” ಅಂದಳು ಸತ್ಯವ್ವ. “ಈಗ ಅದನ್ನ ಎಬ್ಬಿಸಿ ತರ್ರಿ.”

*

ಕೂಸನ್ನು ತಂದು ಕಂಬದ ಬುಡಕ್ಕೆ ಇಳಿಸಿದರು. ಕಣ್ಣುಜ್ಜಿಕೊಂಡು ನಿಂತಿತು. ಮಂದಿಯನ್ನು ದೂರ ಸರಿಸಿ, ಪ್ರಮಿಳಾಳನ್ನು ನನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಿದ್ದೆ. ಅವಳು ನನ್ನ ಅಂಗಿ ಹಿಡಿದಿದ್ದಳು.

“ನೀವು ಮೊದಲು ಕರೀರಿ ಅಕ್ಕಾರ,” ಅಂದಳು ಸತ್ಯವ್ವ.

“ಬಾ ಸ್ನೇಹಾ, ಬಾ ಬಂಗಾರ,” ಪದ್ಮಶ್ರೀ ಬಾಗಿ ಪರ್ಸಿನಿಂದ ಬಿಸ್ಕೀಟು ತೆಗೆದು ತೋರಿಸಿದರು. ಕೂಸು ಬಿಸ್ಕೀಟು ನೋಡಿತು. ಅವರ ಕೈ ನೋಡಿತು. ಹಿಂದೆ ಸರಿದು ಕಂಬ ತಬ್ಬಿಕೊಂಡಿತು.

ನಾನು ಪಕ್ಕಕ್ಕೆ ಸರಿದೆ.

“ಆಯಿ!”

ಅದೇ ಮಾತು. ಆದರೆ ಈ ಸಲ ಅದು ಸ್ಟ್ಯಾಂಡಿನ ತಗಡಿಗೆ ಬಡಿಯುವಷ್ಟು ಜೋರಾಗಿತ್ತು. ಕೂಸು ಓಡಿ ಬಂತು — ಆರು ಹೆಜ್ಜೆ. ಸಿಪ್ಪೆಯ ಹತ್ತಿರ ಗಕ್ಕನೆ ನಿಂತಿತು. ಎರಡೂ ಕೈ ಮುಂದೆ ಚಾಚಿ, ಒಂದು ಕಾಲು ಹಿಂದೆ ಬಿಟ್ಟು, ಕಿರುಚಿ ಅಳತೊಡಗಿತು. ಮುಂದೆ ಬರಲಿಲ್ಲ.

“ನೋಡ್ರಿ, ಆಕಿ ಕಡೆನೂ ಹೋಗವಲ್ದು!” ಅಂದರು ಪದ್ಮಶ್ರೀ.

ಪ್ರಮಿಳಾ ಯಾರ ಮಾತನ್ನೂ ಕೇಳಲಿಲ್ಲ. ಮೂರೇ ಹೆಜ್ಜೆಗೆ ಅಲ್ಲಿಗೆ ಹೋಗಿ ಮೊಣಕಾಲೂರಿದಳು. ಕೂಸಿನ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಇಲ್ಲದ ಗಂಟನ್ನು ಎರಡೂ ಕೈಯಿಂದ ಬಿಚ್ಚಿದಳು. ಅಂಗಾಲಿಗೆ ಮೆಲ್ಲಗೆ ಒಂದು ಏಟು ಕೊಟ್ಟಳು. “ಸುಟ್ಲೀ ಮಾಝೀ ಮಾಯಾ,” ಅಂದಳು — ಬಿಡುಗಡೆಯಾಯಿತು ಅಂತ.

ಕೂಸು ಸಿಪ್ಪೆ ತುಳಿದು ಅವಳ ಕೊರಳಿಗೆ ಬಿತ್ತು.

ಚಪ್ಪಲಿ ಎತ್ತಿದ್ದವರು ನಿಧಾನಕ್ಕೆ ಕಾಲಿಗೆ ಹಾಕಿಕೊಂಡರು.

“ನಾ ಆಡು ಕಾದಾಕಿ,” ಅಂದಳು ಸತ್ಯವ್ವ. “ಕಟ್ಟಿ ಸಾಕಿದ ಮರಿ, ಹಗ್ಗ ಬಿಚ್ಚಿದ್ರೂ ಸ್ವಲ್ಪ ದಿನ ಅಷ್ಟರಾಗ ತಿರಗತೈತಿ. ಗುರುತು ನೋಡಿ ನೀವೆಲ್ಲಾ ಅಂಜಿದ್ರಿ. ನಾನೂ ಅಂಜಿದ್ದೆ. ಮುಟ್ಟಿ ನೋಡಿದ್ಮ್ಯಾಲೆ ತಿಳೀತು. ಒಂದು ದಿನ ಕಟ್ಟಿದ್ರ ಗಾಯ ಇರ್ತಿತ್ತು. ಇಲ್ಲಿ ಗಾಯ ಇಲ್ಲ, ಚರ್ಮ ಜಡ್ಡುಗಟ್ಟೈತಿ, ಮ್ಯಾಲೆ ಎಣ್ಣಿ. ಯಾರೋ ದಿನಾ ಕಟ್ಟಿ, ದಿನಾ ಬಿಚ್ಚಿ, ದಿನಾ ಎಣ್ಣಿ ಹಚ್ಯಾರ. ಕಳ್ಳರು ಎಣ್ಣಿ ಹಚ್ಚಂಗಿಲ್ಲ. ಅಂಗಾಲು ನೋಡ್ರಿ, ಎಮ್ಮಿ ಚರ್ಮ ಆಗೈತಿ. ಟಿಳಕವಾಡಿ ಅಂಗಳದಾಗ ಬೂಟು ಹಾಕಿ ಆಡಿದ ಕಾಲೇನು ಇದು?”

ಶಶಿಧರ ತಿರುಗಿ ನೋಡಿದ. ಬಿಸ್ಕೀಟು ನೆಲದ ಮೇಲೆ ಬಿದ್ದಿತ್ತು. ಪದ್ಮಶ್ರೀ ಆಟೋ ಕಡೆ ಐದಾರು ಹೆಜ್ಜೆ ಹಾಕಿದ್ದರು. ಹಿಂದಿ ಜವಾನ ತನ್ನ ಟ್ರಂಕನ್ನು ಕಾಲಿನಿಂದ ಅವರ ಮುಂದೆ ತಳ್ಳಿ, ಕೈಕಟ್ಟಿ ನಿಂತ.

“ಅಕ್ಕಾರ, ಪರ್ಸು ತೋರಸ್ರಿ,” ಅಂದಳು ಸತ್ಯವ್ವ. “ಮುಂಜಾನಿಂದ ಆಟೋದಾಗ ತಿರುಗೀನಿ ಅಂದ್ರಿ. ಬಸ್ಸು ಹತ್ತಿಲ್ಲ ಅಲ್ರಿ?”

“ಇಲ್ಲ. ನಾ ಯಾಕ ಹತ್ತಲಿ?”

ಪರ್ಸಿನಲ್ಲಿ ಕೆಮ್ಮಿನ ಔಷಧದ ಸಣ್ಣ ಬಾಟಲಿ ಇತ್ತು. ಮಡಚಿದ ಶಾಲು ಇತ್ತು. ಕಾಗದ ಸುತ್ತಿದ ಬ್ಲೇಡು ಇತ್ತು. ಬ್ಲೇಡಿಗೆ ಸುತ್ತಿದ ಆ ಕಾಗದವನ್ನು ಶಶಿಧರ ನನ್ನ ಕೈಗೆ ಕೊಟ್ಟ. ಬಿಚ್ಚಿ ನೋಡಿದೆ. ಟಿಕೆಟ್. ಖಾನಾಪುರದಿಂದ ಬೆಳಗಾವಿ. ನನ್ನ ಟಿಕೆಟ್ ಕಟ್ಟಿನ ನಂಬರು. ನಾನೇ ಹರಿದು ಕೊಟ್ಟಿದ್ದು.

“ಪದ್ಮಶ್ರೀ ಅಕ್ಕಾರ,” ಅಂದಳು ಸತ್ಯವ್ವ, ದನಿ ಏರಿಸದೆ. “ಹನಿ ಹಾಕಾಕ ಬಂದಾಕಿ ನೀವ. ಹಗ್ಗ ಕೊಯ್ದು, ಹೊಸ ಬೂಟು ತೊಡಿಸಿದಾಕಿ ನೀವ. ಉದ್ಯಮಬಾಗದಾಗ ಪೊಲೀಸರನ್ನ ನೋಡಿ ಜಿಗಿದಾಕಿ ನೀವ. ಅವರು ತಮ್ಮ ಡ್ಯೂಟಿಗೆ ಹೊಂಟಿದ್ರು ಪಾಪ, ನಿಮ್ಮನ್ನ ಹುಡುಕಾಕಲ್ಲ. ಕೂಸು ಆಯಿ ಅನ್ನೋದು ದಾರ್ಯಾಗ ಕೇಳಿದ್ರಿ. ಅದನ್ನ ನಂಬಕೊಂಡು ಆಯಿ ಆಗಾಕ ಬಂದ್ರಿ.”

ಪದ್ಮಶ್ರೀ ಕೆಳಗೆ ಕೂತುಬಿಟ್ಟರು. ಮಿರಜದಲ್ಲಿ ಮಕ್ಕಳಿಲ್ಲದ ಒಂದು ಮನೆಯವರು ರೊಕ್ಕ ಎಣಿಸಿ ಇಟ್ಟುಕೊಂಡು ಕಾಯುತ್ತಿದ್ದರಂತೆ. ಇದು ತಾನು ಕದ್ದ ಮೂರನೇ ಕೂಸು ಅಂತ ಪದ್ಮಶ್ರೀ ಸಂಜೆ ಸ್ಟೇಷನ್ನಿನಲ್ಲಿ ಬಾಯಿ ಬಿಟ್ಟರು. ಮೊದಲಿನ ಎರಡು ಎಲ್ಲಿವೆಯೋ, ಯಾರನ್ನು ಆಯಿ ಅನ್ನುತ್ತಿವೆಯೋ — ಶಶಿಧರ ಆಮೇಲೆ ಆರು ತಿಂಗಳು ತಿರುಗಿ ಒಂದನ್ನು ಹುಡುಕಿದ.

*

ಮಧ್ಯಾಹ್ನ ನನ್ನದೇ ಗಾಡಿಯಲ್ಲಿ ಪ್ರಮಿಳಾ, ಮಾಯಾ ಹೊರಟರು. ಹಾಲಿನವ ಎರಡು ಪಾಕೀಟು ಹಾಲು ತಂದು ಕಿಟಕಿಯೊಳಗೆ ಕೊಟ್ಟು, ಮುಖ ಎತ್ತದೆ ಹೋದ.

“ಇನ್ನಮ್ಯಾಲೆ ಕಟ್ಟಬ್ಯಾಡ ಯವ್ವಾ,” ಅಂತ ಶಶಿಧರ ಹೊರಗೆ ನಿಂತು ಹೇಳಿದ.

“ಕುಣಿಗೆ ಯಾರು ಹೇಳ್ತಾರ್ರಿ?” ಅಂದಳು ಅವಳು.

ಸತ್ಯವ್ವ ಚೆಲ್ಲಿದ ಶೇಂಗಾ ಆರಿಸುತ್ತಿದ್ದವಳು, ಮೇಲೆ ನೋಡದೆ ಅಂದಳು: “ಭಟ್ಟಿ ಮಾಲೀಕಗ ಕುಣಿಗೆ ಬೇಲಿ ಹಾಕಂತ ಹೇಳ್ರಿ ಹವಾಲ್ದಾರ್ರ. ಅದಕ್ಕ ನಿಮ್ಮ ಖಾಕಿ ಬೇಕು, ನನ್ನ ಸಿಪ್ಪಿ ಸಾಲಂಗಿಲ್ಲ.”

ಗಾಡಿ ಬಿಟ್ಟಿತು. ಟಿಕೆಟ್ ಹರಿಯುತ್ತ ಹಿಂದಿನ ಸೀಟಿನವರೆಗೆ ಹೋದೆ. ಮಾಯಾ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಈ ಸಲ ತನ್ನದೇ ನಿದ್ದೆ. ಉದ್ಯಮಬಾಗದಲ್ಲಿ ಗಾಡಿ ನಿಂತಿತು. ಮಂದಿ ಹತ್ತಿದರು, ಇಳಿದರು. ಪ್ರಮಿಳಾ ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಅವಳ ಬಲಗೈ ಕೂಸಿನ ಎಡಗಾಲನ್ನು ಹಿಡಿದಿತ್ತು, ಸರಿಯಾಗಿ ಆ ಗುರುತಿನ ಮೇಲೆ. ಖಾನಾಪುರ ಬರುವತನಕ ಆ ಮುಷ್ಟಿ ಬಿಚ್ಚಲಿಲ್ಲ.